ಕಪ್ಪು ಪೆಟ್ಟಿಗೆಯ ಹಣೆ

ನಾರಾಯಣಖೇಡದ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ರೊಟ್ಟಿ ಬಡಿಯುತ್ತಿದ್ದ ಭೂದೇವಮ್ಮ ಕುಂತಲ್ಲೇ ಬಲಕ್ಕೆ ವಾಲಿದರು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮಗ ಸಂಜೀವಕುಮಾರ ಅವರನ್ನು ಕಾರಿಗೆ ಹಾಕಿಕೊಂಡು ಜಹೀರಾಬಾದಿನ ತನ್ನ ಸ್ಕ್ಯಾನ್ ಸೆಂಟರಿಗೆ ತಂದ. ಸ್ಕ್ಯಾನ್ ಆಯಿತು. ಮಿದುಳಿನ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಕಂಡಿತು.

ಡಾಕ್ಟರ್ ಮಾಧುರಿ ಮುಚ್ಚುಮರೆ ಮಾಡಲಿಲ್ಲ. "ಇದು ಹಳೇ ಚುಕ್ಕಿ ಇದ್ರ ರಕ್ತದ ಗಂಟು ಕರಗಸೋ ಇಂಜೆಕ್ಷನ್ ಕೊಡ್ತೀನಿ, ಕೈ ಉಳೀತದ. ಇವತ್ತು ಒಡದ ರಕ್ತ ಇದ್ರ ಅದೇ ಇಂಜೆಕ್ಷನ್ ಜೀವ ತೆಗೀತದ. ದಸರಾ ಆದ ವಾರಕ್ಕ ತಲಿನೋವಂತ ಸ್ಕ್ಯಾನ್ ಮಾಡಿದ್ವಲ್ಲ, ಅದು ತೋರಸ್ರಿ. ಹನ್ನೆರಡೂವರಿ ಒಳಗ. ಆಮ್ಯಾಲ ಕೊಟ್ಟು ಉಪಯೋಗಿಲ್ಲ."

ಆಗ ಹನ್ನೊಂದೂಕಾಲು. ಹಳೆಯ ಸ್ಕ್ಯಾನಿನ ಫಿಲ್ಮು ತೆಗೆಸಿರಲಿಲ್ಲ. ಮನೆಯದೇ ಸೆಂಟರ್, ಫಿಲ್ಮ್ ಯಾಕೆ ಹಾಳು ಮಾಡುವುದು ಎಂದು ಸಂಜೀವಕುಮಾರನೇ ಬೇಡವೆಂದಿದ್ದ. ಜಾಣ! ಸೆಂಟರಿನ ಹಳೆಯ ಚಿತ್ರಗಳೆಲ್ಲ ಇರುವುದು ಒಂದು ಕಪ್ಪು ಪೆಟ್ಟಿಗೆಯಲ್ಲಿ. ಕಂಪ್ಯೂಟರುಗಳನ್ನೆಲ್ಲ ಅದಕ್ಕೇ ಜೋಡಿಸಿದೆ. ಆ ಪೆಟ್ಟಿಗೆ ಇವತ್ತು ಬಾಯಿ ಮುಚ್ಚಿಕೊಂಡು ಕೂತಿತ್ತು.

ಕಾರಣ ದೊಡ್ಡದಲ್ಲ. ಪೆಟ್ಟಿಗೆಯ ಸಾಫ್ಟ್‌ವೇರಿಗೆ ತೊಂಬತ್ತು ದಿನ ಪುಕ್ಕಟೆ, ಆಮೇಲೆ ಲೈಸೆನ್ಸ್ ಹಾಕಬೇಕು. ಗಡುವು ನಿನ್ನೆಗೆ ಮುಗಿದಿತ್ತು. ಲೈಸೆನ್ಸಿನ ಅಂಕಿಗಳು ಮಾತ್ರ ಮೊದಲೇ ಬಂದಿದ್ದವು: ಜಹೀರಾಬಾದಿನದೊಂದು, ತಾಂಡೂರಿನ ಶಾಖೆಯದೊಂದು, ಎರಡೂ ಒಂದೇ ಕಾಗದದಲ್ಲಿ, ಪಕ್ಕದಲ್ಲಿ ಆಯಾ ಪೆಟ್ಟಿಗೆಯ ನಂಬರು. ಕಂಪ್ಯೂಟರು ನೋಡಿಕೊಳ್ಳುವ ಯಾಮಿನಿ ಜಹೀರಾಬಾದಿನ ಸಾಲನ್ನು ಒತ್ತಿದಳು. "ಈ ಲೈಸೆನ್ಸ್ ಈ ಪೆಟ್ಟಿಗೆಯದಲ್ಲ" ಎಂದಿತು ಪರದೆ. ಕೈತಪ್ಪಿರಬೇಕೆಂದು ಮತ್ತೆ ಒತ್ತಿದಳು. ಹೀಗೆ ನಾಲ್ಕು ಸಲ. ಐದನೆಯದೂ ತಪ್ಪಿದರೆ ಒಂದು ಇಡೀ ದಿನ ತೆರೆಯುವುದಿಲ್ಲವೆಂದು ಪರದೆ ಕೆಂಪಗಾಗಿ ಹೇಳಿತು. ಕಂಪನಿಗೆ ಫೋನು ಹಚ್ಚಿದರೆ ಅರ್ಧ ಗಂಟೆಯಿಂದ ಒಂದೇ ಹಾಡು. ಸುಡುಗಾಡು ಹಾಡು!

"ಏನವಾ ಯಾಮಿನಿ, ಆತೇನು?" ಸಂಜೀವಕುಮಾರ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವನ ಬೆನ್ನ ಹಿಂದೆಯೇ, ಸ್ಟ್ರೆಚರಿನ ಮೇಲೆ ಭೂದೇವಮ್ಮ ಕಣ್ಣು ಬಿಟ್ಟುಕೊಂಡು ಮಲಗಿದ್ದರು.

"ನೋಡ್ಲತ್ತೀನ್ರಿ ಸರ." ಯಾಮಿನಿ ಕಾಗದವನ್ನು ಇನ್ನೊಮ್ಮೆ ಓದಿದಳು. ಅಂಕಿ ಸರಿ ಇದ್ದರೆ ಪೆಟ್ಟಿಗೆಯೇ ಬೇರೆ ಇರಬೇಕಲ್ಲ? ತಿರುಗಿ ನೋಡಿದಳು. ಕಪ್ಪು ಪೆಟ್ಟಿಗೆಯ ಮುಂಭಾಗದಲ್ಲಿ, ನಂಬರಿನ ಬಿಳಿ ಚೀಟಿ ಇರಬೇಕಾದಲ್ಲಿ ಅಂಗೈಯಗಲ ಒಣಗಿದ ವಿಭೂತಿ, ಅದರ ನಡುವೆ ಕುಂಕುಮ.

ದಸರೆಯಂದು ಎರಡೂ ಹೊಸ ಪೆಟ್ಟಿಗೆಗಳನ್ನು ರಟ್ಟಿನ ಡಬ್ಬಿಯಿಂದ ತೆಗೆಸಿ, ಜೋಡಿ ಮಣೆಯ ಮೇಲಿಟ್ಟು ಪೂಜೆ ಮಾಡಿದವರು ಭೂದೇವಮ್ಮನೇ. "ಹಣಿ ಎಲ್ಲದ ಇದಕ್ಕ?" ಎಂದು ಹುಡುಕಿ, ಕರಿ ಮೈಮೇಲೆ ಬಿಳಿ ಇದ್ದದ್ದು ಆ ಚೀಟಿ ಒಂದೇ ಎಂದು ಅಲ್ಲೇ ಬಳಿದಿದ್ದರು. ಯಾಮಿನಿಯ ಮನೆಯಲ್ಲಿರುವುದು ಬುದ್ಧನ ಫೋಟೊ. ಪೂಜೆಯ ನಡುವೆ ತಾನು ಬಾಯಿ ಹಾಕಿದರೆ ಹೇಗೋ ಏನೋ ಎಂದು ಸುಮ್ಮನಿದ್ದಳು. ಮರುದಿನ ತಾಂಡೂರಿನ ಶಾಖೆಯ ದೇವಿದಾಸ ಗಾಡಿ ತಂದು ಅವಸರ ಮಾಡಿದಾಗ, ಕೈಗೆ ಸಿಕ್ಕ ಪೆಟ್ಟಿಗೆಯನ್ನು ಡಬ್ಬಿಗೆ ತುಂಬಿ ಕಳಿಸಿದವಳೂ ಅವಳೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹನ್ನೆರಡು ಹೊಡೆಯಿತು. ತಾಂಡೂರಿನ ಸಾಲು ಒತ್ತಿಬಿಡಲೇ? ಊಹೆ ತಪ್ಪಿದರೆ ಉಳಿದ ಒಂದು ಸಲವೂ ಹೋಯಿತು. ನಂಬರು ಕಣ್ಣಾರೆ ನೋಡಲೇಬೇಕು. ಅವಳು ಒದ್ದೆ ಬಟ್ಟೆ ತಂದಳು.

"ಏಯ್, ಕೈ ಹಚ್ಚಬ್ಯಾಡ!" ಸಂಜೀವಕುಮಾರ ಚೀರಿದ. "ಅವ್ವ ಹಚ್ಚಿದ ಕುಂಕುಮ ಅದು. ಆಕಿ ಹಿಂಗ ಬಿದ್ದಾಗ ಒರಸ್ತೀ? ಇವತ್ತೇ?"

"ಸರ, ಗಲತಿ ನಂದೇ ಅದ." ಯಾಮಿನಿಗೆ ಅಳು ಬಂದಿತ್ತು, ಅಳುತ್ತಲೇ ಹೇಳಿದಳು. "ಪೆಟಗಿ ಅದಲುಬದಲು ಮಾಡೀನಿ ಅನಸ್ತದ. ನಂಬರ ಆ ಕುಂಕುಮದ ತೆಳಗದ. ನಾಳಿ ನೌಕರಿ ತೆಗೀರಿ, ಈಗ ಒರಸಾಕ ಬಿಡ್ರಿ."

ಅವನು ಪೆಟ್ಟಿಗೆಗೆ ಅಡ್ಡ ನಿಂತ. ಕೆಟ್ಟವನಲ್ಲ, ಹೆದರಿದವನು, ಹೆದರಿದವನಿಗೆ ಬುದ್ಧಿ ಹೇಳುವುದು ಇನ್ನೂ ಕಷ್ಟ. "ಸಂಜೀವ, ಇಪ್ಪತ್ತು ನಿಮಿಷ," ಎಂದರು ಮಾಧುರಿ. ಅವನು ಅಲುಗಲಿಲ್ಲ.

ಸ್ಟ್ರೆಚರಿನಿಂದ ಟಣಟಣ ಸದ್ದು ಬಂತು. ಭೂದೇವಮ್ಮ ಎಡಗೈಯ ಬಳೆಗಳನ್ನು ಕಬ್ಬಿಣಕ್ಕೆ ಬಡಿಯುತ್ತಿದ್ದರು. ಮಗ ತಿರುಗಿದ. ಅವರು ಎಡಗೈ ಎತ್ತಿ, ತಮ್ಮ ಹಣೆಯ ಕುಂಕುಮವನ್ನೇ ಒಮ್ಮೆ ಬರಬರನೆ ಒರೆಸಿಕೊಂಡರು. ಆಮೇಲೆ ಅದೇ ಕೈಯನ್ನು ಪೆಟ್ಟಿಗೆಯ ಕಡೆ ಚಾಚಿ, ಬಾಯಿ ಸೊಟ್ಟ ಮಾಡಿ, ಮಗನನ್ನು ದುರುಗುಟ್ಟಿ ನೋಡಿದರು. ಆ ನೋಟಕ್ಕೆ ಮಾತು ಬೇಕಿರಲಿಲ್ಲ.

ಸಂಜೀವಕುಮಾರ ಯಾಮಿನಿಯ ಕೈಯಿಂದ ಬಟ್ಟೆ ಕಸಿದುಕೊಂಡು ತಾನೇ ಒರೆಸಿದ. ಒರೆಸುತ್ತಾ ಹುಡುಗನಂತೆ ಬಿಕ್ಕಿದ. ಯಾಮಿನಿ ಕಾಗದ ಹಿಡಿದು ಒಂದೊಂದೇ ಅಂಕಿ ಬೆರಳಿಟ್ಟು ನೋಡಿದಳು. ತಾಂಡೂರಿನದೇ.

ಐದನೆಯ ಸಲ ಒತ್ತಿದಳು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಪೆಟ್ಟಿಗೆ ತೆರೆಯಿತು.

ದಸರೆ ಆದ ವಾರದ ಸ್ಕ್ಯಾನಿನಲ್ಲೂ ಅದೇ ಮೂಲೆ, ಅದೇ ಸಾಸಿವೆ ಕಾಳು. "ಹಳೇದು!" ಎಂದು ಮಾಧುರಿ ಎದ್ದೇ ಬಿಟ್ಟರು. ಹನ್ನೆರಡೂ ಇಪ್ಪತ್ತಾರಕ್ಕೆ ಸೂಜಿ ಚುಚ್ಚಿದರು.

ಸಂಜೆ ಐದಕ್ಕೆ ಯಾಮಿನಿ ಹಾಸಿಗೆಯ ಹತ್ತಿರ ಹೋಗಿ ನಿಂತಳು. ದೇವಿದಾಸನಿಗೆ ಫೋನು ಮಾಡಿ ತಾಂಡೂರಿನ ಪೆಟ್ಟಿಗೆಗೆ ಜಹೀರಾಬಾದಿನ ಸಾಲು ಒತ್ತಿಸಿಯಾಗಿತ್ತು. ಇನ್ನು ಉಳಿದದ್ದು ಬೈಗುಳ ತಿನ್ನುವುದು. ಮಾಡಿದ್ದುಣ್ಣೋ ಮಹರಾಯ ಎಂದು ತಲೆ ತಗ್ಗಿಸಿದಳು.

"ಅದ್ರ... ಹಣಿ... ಬೋಳದ ಏನು ಈಗ?" ಭೂದೇವಮ್ಮನ ಮಾತು ಇನ್ನೂ ಎಳೆಯುತ್ತಿತ್ತು.

"ಹೌದ್ರಿ ಅಮ್ಮ. ತಪ್ಪಾತ್ರಿ."

"ಪೆಟಗಿ... ತಾ ಇಲ್ಲಿ."

"ಅದು ತರಾಕ ಬರಲ್ರಿ, ವಾಯರ್ ಅವ."

"ಹಂಗಿದ್ರ... ನೀ ಬಾ."

ಸಂಜೀವಕುಮಾರ ಕುಂಕುಮದ ಭರಣಿ ತೆರೆದು ಹಿಡಿದ. ಭೂದೇವಮ್ಮ ಎಡಗೈ ಚಾಚಲಿಲ್ಲ. ಬಲಗೈ ನಡುಗುತ್ತಾ ಎದ್ದಿತು, ಚಿಟಿಕೆ ಕುಂಕುಮ ಜಾರಿತು, ಮತ್ತೆ ಹಿಡಿಯಿತು. ಯಾಮಿನಿ ಕೈ ಮುಂದೆ ಮಾಡಿದಳು. ಅದನ್ನು ಸರಿಸಿ, ಆ ಎರಡು ಬೆರಳು ನಿಧಾನಕ್ಕೆ ಮೇಲೇರಿ ಅವಳ ಹಣೆ ಮುಟ್ಟಿದವು.