ಹನ್ನೊಂದನೆಯ ಅಂಗಡಿಯ ಫೋರ್ಕ್

ಹತ್ತು ಅಂಗಡಿ ಸುತ್ತಿದರೂ ಸೈಕಲ್ಲಿನ ಫೋರ್ಕ್ ಸಿಗಲಿಲ್ಲ. ಪ್ರತಿ ಸಲ ಅಂಗಡಿಯವನು ತಲೆಯಾಡಿಸಿದಾಗಲೂ ಟೈಲರಮ್ಮ ಬಾಯಲ್ಲಿ "ಛೇ, ಛೇ" ಎಂದಳು, ಮನಸ್ಸಿನಲ್ಲಿ "ಸದ್ಯ, ಬದುಕಿದೆ" ಎಂದಳು. ಕಟ್ಟಿಕೊಂಡ ಗಂಡನ ಎದುರು ಹೀಗೆ ನಾಟಕವಾಡುವುದು ಅವಳಿಗೇನೂ ಖುಷಿಯಾಗಿರಲಿಲ್ಲ. ಆದರೆ ಏನು ಮಾಡುತ್ತೀರಿ? ಫೋರ್ಕ್ ಸಿಕ್ಕರೆ ಇಬ್ಬರ ಪ್ರಾಣಕ್ಕೂ ಸಂಚಕಾರ, ಸಿಗದಿದ್ದರೆ ಗಂಡನ ಮುಖ ನೋಡಲಾಗುವುದಿಲ್ಲ.

ಅವರದು ಅಂತಿಂಥ ಸೈಕಲ್ಲಲ್ಲ. ಒಂದರ ಹಿಂದೊಂದು ಎರಡು ಸೀಟು, ಎರಡು ಜೊತೆ ಪೆಡಲ್, ನಾಲ್ಕು ಕಡೆ ಚೀಲ ನೇತುಹಾಕಿಕೊಂಡು ವಾರಗಟ್ಟಲೆ ಊರೂರು ಸುತ್ತುವ ಜೋಡಿ ಸೈಕಲ್. ಅದರ ಮುಂದಿನ ಚಕ್ರವನ್ನು ಎರಡು ಕಾಲುಗಳ ನಡುವೆ ಹಿಡಿದುಕೊಳ್ಳುವ ಫೋರ್ಕು ಹೋದ ತಿಂಗಳು ಗುಂಡಿಗೆ ಬಿದ್ದು ಬಾಗಿ, ಬುಡದಲ್ಲಿ ಬಿರುಕು ಬಿಟ್ಟಿತ್ತು. ಒಬ್ಬರ ಸೈಕಲ್ಲಿನದು ಎಲ್ಲಿ ಬೇಕಾದರೂ ಸಿಗುತ್ತದೆ. ಇಬ್ಬರ ಭಾರ, ಅದರ ಮೇಲೆ ಅಷ್ಟು ಸಾಮಾನು ತಡೆಯುವಂಥದ್ದು ಎಲ್ಲಿ ಸಿಗಬೇಕು?

ಇಪ್ಪತ್ತಾರು ವರ್ಷದಿಂದ ಮುಂದಿನ ಸೀಟು ಗಂಡನದು, ಹಿಂದಿನದು ಅವಳದು. ಗಂಡ ಸರ್ವೇಯರ್, ಜೀವಮಾನವಿಡೀ ಭೂಮಿ ಅಳೆದು ನಿವೃತ್ತನಾದವನು. ಅಳತೆಯಲ್ಲಿ ಒಂದಂಗುಲ ತಪ್ಪಿದರೆ ಅನ್ನ ಬಿಡುವ ಜಾತಿ. ಇನ್ನು ಹಿಂದಿನ ಸೀಟಿನ ಕಥೆ ಕೇಳಿ. ಅಲ್ಲಿನ ಹ್ಯಾಂಡಲ್ ತಿರುಗುವುದಿಲ್ಲ. ಬ್ರೇಕಿಲ್ಲ. ಮುಂದಿನವರು ತುಳಿದರೆ ಚೈನು ನಿಮ್ಮ ಕಾಲನ್ನೂ ಎಳೆದುಕೊಂಡು ಹೋಗುತ್ತದೆ, ಬೇಡವೆಂದರೂ. ಕಣ್ಣೆದುರು ಗಂಡನ ಬೆನ್ನು, ಬರೀ ಬೆನ್ನು. ಅದಕ್ಕೇ ಅವರಲ್ಲೊಂದು ಕಟ್ಟಳೆ ಇತ್ತು: ಗುಂಡಿ ಕಂಡರೆ ಮುಂದಿನವರು "ಗುಂಡಿ!" ಎಂದು ಕೂಗಬೇಕು, ಹಿಂದಿನವರು ಸೀಟಿನಿಂದ ಎದ್ದು ಪೆಡಲ್ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಸೊಂಟದ ಆಸೆ ಬಿಡಬೇಕು.

ಹೋದ ವರ್ಷದಿಂದ ಆ ಕೂಗು ತಡವಾಗಿ ಬರತೊಡಗಿತು. ಆಮೇಲೆ ಗುಂಡಿಗೆ ಬಿದ್ದ ಮೇಲೆ ಬಂತು. ಗಂಡ ಪೇಪರನ್ನು ಮೂಗಿಗೆ ತಾಗಿಸಿಕೊಂಡು ಓದುವುದನ್ನೂ ಅವಳು ನೋಡಿದ್ದಳು. ಕಣ್ಣಿನ ಡಾಕ್ಟರ ಮಾತೆತ್ತಿದರೆ ಸಾಕು, "ನನ್ನ ಕಣ್ಣಿಗೇನು ಧಾಡಿ?" ಎಂದು ಎಗರಿಬೀಳುತ್ತಿದ್ದ. ಕೊನೆಗೆ ಅವಳೇ ಒಂದು ಉಪಾಯ ಹುಡುಕಿದಳು. ಪಕ್ಕಕ್ಕೆ ಬಾಗಿ ರಸ್ತೆ ನೋಡುವುದು, ಬೆವರು ಒರೆಸುವವಳಂತೆ ಅವನ ಬೆನ್ನಿನ ಎಡಕ್ಕೋ ಬಲಕ್ಕೋ ತಟ್ಟುವುದು. ಅವನು ಯಾಕೆಂದು ಕೇಳಲಿಲ್ಲ, ತಟ್ಟಿದ ಕಡೆಗೆ ಹ್ಯಾಂಡಲ್ ತಿರುಗಿಸಿದ. ಇಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಅಲ್ಲಾ, ಇಂಥ ಬುದ್ಧಿವಂತಿಕೆ ಯಾರಾದರೂ ಮಾಡುತ್ತಾರೆಯೇ? ಸುಳ್ಳು ಅವನದು, ಅದಕ್ಕೆ ಕಾವಲು ಅವಳು. ಒಂದು ದಿನ ಅವಳು ಹಿಂದೆ ಕೂತು ಕಿತ್ತಳೆ ಸುಲಿಯುತ್ತಿದ್ದಳು, ಅಷ್ಟೇ. ಬಕೆಟ್ ಕೂರುವಷ್ಟು ದೊಡ್ಡ ಗುಂಡಿ. ಹಿಂದಿನಿಂದ ಲಾರಿ ಬರುತ್ತಿರಲಿಲ್ಲ, ಅದಕ್ಕೇ ಇವತ್ತು ಇಬ್ಬರೂ ಬದುಕಿ ಅಂಗಡಿ ಸುತ್ತುತ್ತಿದ್ದಾರೆ.

"ಬಿಸಿಲು ಕಣ್ಣಿಗೆ ಹೊಡೀತು ಕಣೇ," ಎಂದಿದ್ದ ಗಂಡ, ಮಣ್ಣು ಕೊಡವಿಕೊಳ್ಳುತ್ತ.

"ಹೌದು ರೀ," ಎಂದಿದ್ದಳು ಇವಳು. ಬಿಸಿಲು ಬೆನ್ನ ಹಿಂದಿತ್ತು.

ಹನ್ನೊಂದನೆಯದು ಹಳೇ ಸೈಕಲ್ಲುಗಳನ್ನು ಬಿಚ್ಚಿ ಮಾರುವ ಅಂಗಡಿ. ಒಳಗೆ ಹೋದರೆ ತಿರುಗಲು ಜಾಗವಿಲ್ಲ. ಮೇಲೆ ಚಕ್ರ, ಕೆಳಗೆ ಚೈನು, ಎಲ್ಲ ಕಡೆ ಗ್ರೀಸು. ಅವರು ತಂದಿದ್ದ ಮುರುಕು ಫೋರ್ಕನ್ನು ಮೆಕ್ಯಾನಿಕ್ ತಿರುವಿ ನೋಡಿ, ಏಣಿ ಹತ್ತಿ ಅಟ್ಟದಿಂದ ಗೋಣಿ ಸುತ್ತಿದ್ದೊಂದನ್ನು ಇಳಿಸಿದ.

"ಜೋಡಿ ಸೈಕಲ್ಲಿಂದೇ ಸರ್. ಎಷ್ಟು ದಪ್ಪ ಇದೆ ನೋಡಿ. ಮೇಲಿನ ಪೈಪ್ ಇನ್ನೂ ಯಾರೂ ಕೊಯ್ದಿಲ್ಲ. ಹ್ಯಾಂಡಲ್ ಎಷ್ಟು ಎತ್ತರ ಬೇಕೋ ಹೇಳಿ, ಅಷ್ಟಕ್ಕೆ ಕೊಯ್ದುಕೊಡ್ತೀನಿ. ಕೊಯ್ದ ಮೇಲೆ ಮಾತ್ರ ಅದು ಮತ್ತೆ ಬೆಳ್ಯಲ್ಲ, ಆಮೇಲೆ ನನ್ನ ಬೈಬೇಡಿ."

"ನೋಡಿದ್ಯೇನೇ!" ಗಂಡನ ಮುಖ ಊರಗಲವಾಯಿತು. "ಬರೋ ವಾರ ಹೊರಡೋದೇ. ಬೆಟ್ಟದ ದಾರೀಲಿ!"

ಟೈಲರಮ್ಮನಿಗೆ ಎಲ್ಲ ಕಣ್ಣೆದುರು ಬಂತು. ಬೆಟ್ಟದ ದಾರಿ, ಇಳಿಜಾರು, ಒಂದು ಪಕ್ಕ ಕಂದಕ, ಹಿಂದೆ ಬ್ರೇಕಿಲ್ಲದ ಅವಳು.

"ಗುರುತು ನಾನೇ ಹಾಕ್ತೀನಿ. ಅಳತೆ ಅಂದ್ರೆ ನಮ್ಮ ಕಸುಬು," ಎಂದು ಗಂಡ ಮೆಕ್ಯಾನಿಕ್ಕಿನ ಸ್ಕೇಲು, ಪೆನ್ಸಿಲ್ ಇಸಿದುಕೊಂಡ. ಹಳೆಯ ಪೈಪಿನ ಉದ್ದ ಅವನಿಗೆ ಬಾಯಿಪಾಠ. "ಇಪ್ಪತ್ತೆಂಟು ಸೆಂಟಿಮೀಟರ್," ಎಂದು ಗಟ್ಟಿಯಾಗಿ ಹೇಳಿ ಗೆರೆ ಎಳೆದ.

ಗೆರೆ ಬಿದ್ದದ್ದು ಹದಿನೆಂಟರ ಮೇಲೆ.

ಮೂವತ್ತು ವರ್ಷ ಬಟ್ಟೆ ಕತ್ತರಿಸಿದವಳ ಕಣ್ಣಿಗೆ ಸ್ಕೇಲೇ ಬೇಕಿಲ್ಲ. ಅಲ್ಲಿ ಕೊಯ್ದರೆ ಹ್ಯಾಂಡಲ್ ಕೂರುವುದೇ ಇಲ್ಲ, ಫೋರ್ಕು ಗುಜರಿಗೆ. ಮೆಕ್ಯಾನಿಕ್ ಪೈಪನ್ನು ಇಕ್ಕಳಕ್ಕೆ ಸಿಕ್ಕಿಸಿ ಗರಗಸ ಎತ್ತಿಕೊಂಡ. ಸರ್ವೇಯರ್ ಹಾಕಿದ ಗುರುತನ್ನು ಅವನ್ಯಾಕೆ ಅನುಮಾನಿಸಿಯಾನು? ಅವಳು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಬೆಟ್ಟವೂ ಇಲ್ಲ, ಕಂದಕವೂ ಇಲ್ಲ. ಆದರೆ ನಾಳೆ ಈ ಮನುಷ್ಯ ಹನ್ನೆರಡನೆಯ ಅಂಗಡಿ ಹುಡುಕಿಕೊಂಡು ಹೊರಡುತ್ತಾನೆ, ಅವಳು ಮತ್ತೆ "ಛೇ, ಛೇ" ಎನ್ನುತ್ತ ಹಿಂದೆ ಹೋಗಬೇಕು. ಸಾಯುವ ತನಕ ಇದೇ ಗೋಳು. ಅವಳಿಗೆ ರೋಸಿಹೋಯಿತು.

"ನಿಲ್ಸಪ್ಪ!"

ಚೀಲದಿಂದ ಅಳತೆಪಟ್ಟಿ, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸ್ ತೆಗೆದಳು. ಪೆನ್ಸಿಲ್ ಗೆರೆಗಿಂತ ಮೂರು ಸೆಂಟಿಮೀಟರ್ ಮೇಲೆ ಬಿಳಿ ಗೆರೆ ಎಳೆದಳು.

"ಇಪ್ಪತ್ತೆಂಟು ನಿಮ್ಮ ಎತ್ತರಕ್ಕಾಯ್ತು ರೀ. ನಂಗೆ ಇಪ್ಪತ್ತೊಂದು ಸಾಕು."

"ಅಷ್ಟು ತಗ್ಗಾದ್ರೆ ಸರ್ ಬಗ್ಗಿ ಬಗ್ಗಿ ಸೊಂಟ ಹೋಗತ್ತಲ್ಲಮ್ಮ," ಎಂದ ಮೆಕ್ಯಾನಿಕ್. "ಮುಂದೆ ಕೂರೋದು ಸರ್ ತಾನೇ?"

ಗಂಡ ಪೈಪಿನ ಬುಡದಿಂದ ಗೇಣು ಹಾಕಿ ಅಳೆದ. ಬೆರಳು ಬಿಳಿ ಗೆರೆಗೆ ಮುಟ್ಟಿತು, ಕೆಳಗೆ ಜಾರಿ ತನ್ನ ಗೆರೆ ಇದ್ದ ಜಾಗಕ್ಕೆ ಬಂತು, ಅಲ್ಲೇ ನಿಂತಿತು. ಇಪ್ಪತ್ತೆಂಟೆಂದು ಹಾಕಿದ ಗೆರೆ ಒಂದು ಗೇಣೂ ಇರಲಿಲ್ಲ.

"ಅವತ್ತು ನೀನು ಕಿತ್ತಳೆ ಸುಲೀತಿದ್ದೆ, ಅಲ್ವಾ?"

"ಹೂಂ ರೀ."

"ಬೆನ್ನು ತಟ್ತೀಯ ಅಂತ ಕಾಯ್ತಾ ಇದ್ದೆ," ಎಂದ ಅವನು.

ಆಮೇಲೆ ಮೆಕ್ಯಾನಿಕ್ಕಿನ ಕಡೆ ತಿರುಗಿ, "ಅವಳ ಗೆರೆಗೇ ಕೊಯ್ಯಪ್ಪ," ಎಂದ.

ಮರುದಿನ ಸಂಜೆ ಸೈಕಲ್ ಸಿದ್ಧವಾಯಿತು. ಅವಳು ಮುಂದೆ ಕೂತಳು; ಎದುರಿಗೆ ಬೆನ್ನಿಲ್ಲದ ರಸ್ತೆ ಕಂಡು ಹೆದರಿಕೆಯಾಯಿತು. ನಾಲ್ಕು ಮಾರು ಹೋಗಿರಲಿಕ್ಕಿಲ್ಲ, ಹಿಂದಿನಿಂದ ಗಾಬರಿಯ ದನಿ ಬಂತು.

"ಏ, ಮೆಲ್ಲಗೆ! ಇಲ್ಲಿ ಬ್ರೇಕೇ ಇಲ್ವಲ್ಲೇ!"

"ಇಪ್ಪತ್ತಾರು ವರ್ಷದಿಂದ ಇಲ್ಲ ರೀ," ಎಂದಳು ಅವಳು.

ತಿರುವಿನಲ್ಲಿ ರಸ್ತೆ ಕಿತ್ತುಹೋಗಿತ್ತು. "ಗುಂಡಿ!" ಎಂದು ಕೂಗಿದಳು. ಬೆನ್ನ ಹಿಂದೆ ಅವನು ಎದ್ದು ನಿಂತದ್ದು ಪೆಡಲ್ ಮೇಲಿದ್ದ ಅವಳ ಪಾದಕ್ಕೆ ತಿಳಿಯಿತು.