ಹಸಿ ಎಣ್ಣೆಯ ಮೇಲೆ ಧೂಳು

೧೯೫೮ರ ಬೇಸಿಗೆ. ಶಿರಾದ ಬಡಗಿ ಜಹೀರ್ ಅಹಮದ್ ಜ್ವರ ಬಂದು ವಾರದಿಂದ ಮೇಲೆದ್ದಿರಲಿಲ್ಲ. ಚಹಾದಂಗಡಿಯೊಂದರ ಮುಂದಿನ ಬಯಲಿನಲ್ಲಿ ಹಾಕಲೆಂದು ಅವನು ಅಂಗಳದಲ್ಲೇ ಜೋಡಿಸಿದ್ದ ದೊಡ್ಡ ಮೇಜು ಬಿಸಿಲಿಗೆ ಬಿರುಕು ಬಿಡದಿರಲೆಂದು ಹೆಂಡತಿ ಅಮೀರ್ ಬಿ ತಾನೇ ಅಗಸೆ ಎಣ್ಣೆ ಬಳಿದಳು. ಬಳಿದು ಮುಗಿಸುವಷ್ಟರಲ್ಲಿ ಧೂಳಿನ ಗಾಳಿ ಎದ್ದಿತು. ಒಳಗೆ ಒಯ್ಯೋಣವೆಂದರೆ ಮೇಜು ಬಾಗಿಲಲ್ಲಿ ಹಿಡಿಸುವಂತಿರಲಿಲ್ಲ.

ಪಕ್ಕದ ಮನೆಯ ಚಿಕ್ಕಕ್ಕ ಕಂಬಳಿ ತಂದು ಹೊದಿಸಹೋದಳು.

“ಬ್ಯಾಡ ಚಿಕ್ಕಕ್ಕ, ಹಸಿ ಎಣ್ಣೆಗೆ ಅಂಟ್ಕೊಂತದೆ,” ಎಂದಳು ಅಮೀರ್ ಬಿ.

ಇಬ್ಬರೂ ಕಂಬಳಿಯನ್ನು ಗಾಳಿಗೆ ಅಡ್ಡ ಹಿಡಿದು ನಿಂತರು. ಆದರೂ ಧೂಳು ಕೂತಿತು. ಗಂಡನಿಗೆ ಏನು ಹೇಳಲಿ ಎಂದು ಅಮೀರ್ ಬಿ ಬಾಗಿಲ ಕಡೆ ನೋಡಿದಳು.

ಅಷ್ಟರಲ್ಲಿ ಜಹೀರ್ ಗೋಡೆ ಹಿಡಿದು ಹೊರಬಂದು ಮೇಜು ಸವರಿದ.

“ಒಣಗ್ಲಿ ಬುಡು. ಉಜ್ಜಿ ಇನ್ನೊಂದ್ಸಲ ಬಳಿಯಾನ.”

ಅವಳು ಓಡಿಹೋಗಿ ಅವನ ತೋಳು ಹಿಡಿದಳು. ಮೈ ಇನ್ನೂ ಸುಡುತ್ತಿತ್ತು.