ಪ್ರಯೋಗ ಎಂಬ ಮಾತು

ಮಹತಿಯ ವಿಡಿಯೋವನ್ನು ಹನ್ನೆರಡು ಸಾವಿರ ಜನ ನೋಡಿದ್ದರು. ಬೇಡ ಎಂದವರು ಒಬ್ಬರೂ ಇರಲಿಲ್ಲ.

ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿ ಬರುವವರಿಗೆ ಹೊಸದೊಂದು ಇಂಜೆಕ್ಷನ್ ಕೊಟ್ಟು ನೋಡುವ ಸಂಶೋಧನೆ ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಶುರುವಾಗಬೇಕಿತ್ತು. ಎಚ್ಚರವಿಲ್ಲದವರ ಒಪ್ಪಿಗೆ ಕೇಳುವುದು ಹೇಗೆ? ಮನೆಯವರು ಬರುವ ತನಕ ಕಾಯುತ್ತ ಕೂತರೆ ಜೀವ ಕಾಯುವುದಿಲ್ಲ. ಅದಕ್ಕೇ ಜನಕ್ಕೆಲ್ಲ ಮೊದಲೇ ತಿಳಿಸಿ, ಬೇಡವೆನ್ನುವವರ ಹೆಸರು ಬರೆದುಕೊಂಡು ಆಮೇಲೆ ಶುರುಮಾಡಿ ಎಂದು ನೀತಿ ಸಮಿತಿ ಹೇಳಿತ್ತು. ತಿಳಿಸುವ ಕೆಲಸ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಮಹತಿಯ ಪಾಲಿಗೆ ಬಂತು. ಮಾನ್ವಿಯ ಆಚಾರ್ಯರ ಮನೆಯ ಹುಡುಗಿ, ಮಾತು ಸ್ಪಷ್ಟ, ಮುಖದಲ್ಲಿ ನಗು. ವಾಟ್ಸಾಪಿಗೂ ಫೇಸ್‌ಬುಕ್ಕಿಗೂ ಬಿಟ್ಟ ವಿಡಿಯೋ ಮೂರು ತಾಲೂಕು ಸುತ್ತಿ ಬಂತು.

"ಒಂದು ಆಕ್ಷೇಪಣಾನೂ ಇಲ್ಲ," ಎಂದರು ಸಂಶೋಧನೆ ನಡೆಸುವ ಡಾಕ್ಟರ್ ವಿದ್ಯಾಧೀಶ, ಖುಷಿಯಿಂದ. "ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಂಗ. ದೇವದುರ್ಗದ ಕಡೆ ಒಂದು ಸಭಾ ಮಾಡಿ ಬಂದುಬಿಡು, ಮುಗೀತು."

ದೇವದುರ್ಗ ತಾಲೂಕಿನ ಹಳ್ಳಿಯೊಂದರಲ್ಲಿ ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಗುಡಿಕಟ್ಟೆಯ ಮೇಲೆ ಮಹತಿ ತಾಸುಗಟ್ಟಲೆ ಕೂತಳು. ಕೊನೆಗೆ ರಾಧಾ ಎಂಬ ಹರೆಯದ ಹೆಣ್ಣುಮಗಳೊಬ್ಬಳು ಬಂದು, "ನಮ್ಮತ್ತಿ ಕರ್ಯಾಕತ್ತಾಳ್ರಿ," ಎಂದಳು.

ಅತ್ತೆ ಪಕೀರಮ್ಮ ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದಳು. ಹಣೆ ಬರಿದಾಗಿತ್ತು.

"ಮೊಬೈಲ್‌ನ್ಯಾಗ ಮಾತಾಡಿದಾಕಿ ನೀನೇ ಏನವ್ವಾ?"

"ಹೌದ್ರಿ ಯವ್ವಾ."

"ಎಚ್ಚರ ತಪ್ಪಿದೋರ ಮ್ಯಾಲ ಪ್ರಯೋಗ ಮಾಡ್ತೀವಿ ಅಂದಿ. ಪ್ರಯೋಗ ಅಂದ್ರ ನಮ್ಮಲ್ಲಿ ಮಾಟ. ಮಾಟ ಮಾಡೋರು ಕದ್ದು ಮಾಡ್ತಾರ. ನೀವು ಹೇಳೇ ಮಾಡೋರು ಅಂದಮ್ಯಾಲ ಎದಿ ಒಡೀತು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಹೋದ ತಿಂಗಳು ನನ್ನ ಗಂಡ ಹತ್ತಿ ಹೇರಿದ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದ. ತಲಿ ಒಡದು ಎಚ್ಚರ ಇದ್ದಿದ್ದಿಲ್ಲ. ಮಗ ಆಂಜನೇಯ ಟಂಟಂ ಆಟೋದಾಗ ಹಾಕ್ಕೊಂಡು ನಿಮ್ಮ ದವಾಖಾನಿಗೇ ಹೊಂಟಿದ್ದ. ಕಲ್ಮಲಾ ಕ್ರಾಸ್‌ನ್ಯಾಗ ರಾಯಚೂರು ಹತ್ರ ಬಂದಾಗ ನಾನ ಗಾಡಿ ತಿರುವಿಸಿದೆ. ಬ್ಯಾಡಪಾ, ಮಾನ್ವಿಗೆ ನಡಿ ಅಂದೆ. ಮಾನ್ವಿ ಡಾಕ್ಟರು ನೋಡಿ, ಇದು ನಮ್ಮ ಕೈಲಿ ಆಗಂಗಿಲ್ಲ, ರಾಯಚೂರಿಗೆ ಒಯ್ರಿ ಅಂದ್ರು. ಹೊಳ್ಳಿ ಬರೂದ್ರಾಗ, ಅದ ಕ್ರಾಸ್‌ನ್ಯಾಗ ಉಸಿರು ಹೋತು."

ಮಹತಿ ಚಿಕ್ಕವಳಿದ್ದಾಗ ಜ್ವರ ಬಂದರೆ ಅಜ್ಜಿ ಸತ್ಯಭಾಮಾಬಾಯಿ, "ಯಾರೋ ಪ್ರಯೋಗ ಮಾಡಿಸ್ಯಾರ," ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತಿದ್ದಳು. ಆ ಮಾತಿನ ಮೊದಲ ಅರ್ಥ ಮಹತಿಗೂ ಅದೇ ಆಗಿತ್ತು. ಆಮೇಲೆ ಶಾಲೆ, ಪ್ರಯೋಗಶಾಲೆ, ಪರೀಕ್ಷೆ. ಓದಿದ ಮೇಲೆ ಅಜ್ಜಿಯ ಅರ್ಥ ಮರೆತಳು. ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು, ಗೊತ್ತಿದ್ದದ್ದನ್ನು ಮರೆತು ಮಾಡಿದ್ದು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ನಾ ತಿರುವಿಸಿದ್ದು ತಪ್ಪಾತೇನವ್ವಾ?"

ಹೌದು ಎನ್ನುವುದು ಕ್ರೌರ್ಯ, ಅಲ್ಲ ಎನ್ನುವುದು ಸುಳ್ಳು. "ಆ ಔಷಧ ಇನ್ನೂ ಶುರುನೇ ಆಗಿಲ್ರಿ," ಎಂದಳು ಮಹತಿ. "ಎಲ್ಲಾರಿಗೂ ಕೊಡೋ ಔಷಧನೇ ಅವರಿಗೂ ಕೊಡ್ತಿದ್ರು. ಉಳೀತಿದ್ರೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ನಿಮಗ ಹೆದರಿಕಿ ಹಾಕಿದ್ದು ನನ್ನ ಮಾತು. ತಪ್ಪು ನಂದು."

ಪಕೀರಮ್ಮ ಗೋಡೆ ಬಿಟ್ಟು ಮುಂದಕ್ಕೆ ಬಾಗಿದಳು. "ನನಗೊಬ್ಬಾಕಿಗೆ ಹೇಳಿದ್ರ ಏನು ಬಂತು? ಅಪ್ಪನ್ನ ಕೊಂದಾಕಿ ನೀನ ಅಂತ ಮಗ ಮಾತು ಬಿಟ್ಟಾನ. ಆ ಮೊಬೈಲ್‌ನ್ಯಾಗ ಹೇಳು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದದ್ದನ್ನು ತರಲಾಗದು, ಅದು ತನ್ನದೆಂದು ಒಪ್ಪಿಕೊಳ್ಳಬಹುದು ಅಷ್ಟೇ. ಅದೂ ಸಸಾರವಲ್ಲ.

"ಹಿಂಗ ಹೇಳಿದ್ರ ಸಂಶೋಧನಾನೇ ನಿಂತುಹೋದೀತು, ಮಹತಿ. ನಿನ್ನ ಕೆಲಸಾನೂ," ಎಂದರು, ಮರುದಿನ ಆಸ್ಪತ್ರೆಯಲ್ಲಿ ಎಲ್ಲ ಕೇಳಿದ ಡಾಕ್ಟರ್ ವಿದ್ಯಾಧೀಶ.

"ನಿಲ್ಲಲಿ ಸರ್. ಅವರು ಸುಮ್ಮನಿದ್ದದ್ದು ಒಪ್ಪಿ ಅಲ್ಲ, ಹೆದರಿ."

ಎರಡನೆಯ ವಿಡಿಯೋದಲ್ಲಿ ಮಹತಿ ನಗಲಿಲ್ಲ. ಪ್ರಯೋಗ ಎಂದದ್ದು ತನ್ನ ತಪ್ಪು, ಆ ಮಾತಿಗೆ ಹೆದರಿ ದವಾಖಾನೆಗೆ ಬಾರದೆ ಗಾಡಿ ತಿರುಗಿಸಿದವರದ್ದಲ್ಲ ಎಂದಳು. ಪಕೀರಮ್ಮನ ಗಂಡ ಗದ್ದೆಪ್ಪನ ಹೆಸರು ಹೇಳಲಿಲ್ಲ. ಬೇಡವೆನ್ನಲು ಯಾರೂ ಅಂಜಬೇಕಿಲ್ಲ, ಬೇಡವೆಂದರೂ ಎಂದಿನ ಉಪಚಾರ ತಪ್ಪುವುದಿಲ್ಲ ಎಂದು ಎರಡು ಸಲ ಹೇಳಿದಳು.

ಮೂರನೆಯ ದಿನ ರಾಧಾಳ ನಂಬರಿನಿಂದ ಧ್ವನಿ ಸಂದೇಶ ಬಂತು. ಮಾತಾಡಿದವಳು ಪಕೀರಮ್ಮ.

"ಮಗ ನೋಡಿದ ಯವ್ವಾ. ಇವತ್ತು ಮುಂಜಾನಿ, ರೊಟ್ಟಿ ಹಾಕಬೇ ಅಂದ. ಇನ್ನ ಒಂದು ಕೆಲಸ ಮಾಡು. ಬ್ಯಾಡ ಅನ್ನೋರ ಪಟ್ಟ್ಯಾಗ ನನ್ನ ಹೆಸರು ಬರಿ. ನಿಮ್ಮ ಔಷಧ ಛಲೋನ ಇದ್ದೀತು. ನನ್ನ ಗಂಡಗ ಸಿಗಲಾರದ್ದು ನನಗ ಬ್ಯಾಡ."

ಮಹತಿ ಖಾಲಿ ಪಟ್ಟಿಯನ್ನು ತೆರೆದು ಒಂದನೆಯ ಸಾಲಿನಲ್ಲಿ ಬರೆದಳು: ಪಕೀರಮ್ಮ, ಗಂಡ ಗದ್ದೆಪ್ಪ, ದೇವದುರ್ಗ ತಾಲೂಕು. ಕಾರಣ ಎಂಬಲ್ಲಿ ಅವಳು ಆಡಿದ ಮಾತನ್ನೇ, ಒಂದಕ್ಷರ ತಿದ್ದದೆ, ಬರೆದಳು.